ಆಮದು ಮಾಡಿಕೊಂಡ ಹಳೆಯ ಕಾರಿನ ಖಾಸಗಿ ಮಾರಾಟ ಹಾಗೂ ಅದಲುಬದಲು: ಮಾಲೀಕತ್ವ ವರ್ಗಾವಣೆಯ ಕುರಿತು ಮಾಹಿತಿ

ವಿದೇಶದಿಂದ ಆಮದಾಗಿ ರಾಜ್ಯದಲ್ಲಿ ನೋಂದಣಿಯಾಗಿರುವ ಕಾರನ್ನು ಮಧ್ಯವರ್ತಿಗಳಿಲ್ಲದೆ ನೇರವಾಗಿ ಮಾರಾಟ ಮಾಡುವ ಅಥವಾ ಮತ್ತೊಂದು ಕಾರಿನೊಂದಿಗೆ ಅದಲುಬದಲು ಮಾಡಿಕೊಳ್ಳುವ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಅದಲುಬದಲು ಎಂಬ ಪ್ರತ್ಯೇಕ ವಿಧಾನ ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ ಇರುವುದಿಲ್ಲ. ಎರಡು ಕಾರುಗಳು ಕೈಬದಲಾದಲ್ಲಿ ಅವು ಎರಡು ವರ್ಗಾವಣೆಗಳು; ಅರ್ಜಿ, ಶುಲ್ಕ ಎರಡೂ ಪ್ರತ್ಯೇಕ. ಒಂದು ಕಾರಿನ ವರ್ಗಾವಣೆ ಮುಗಿದು ಇನ್ನೊಂದರದು ಬಾಕಿ ಉಳಿಯುವುದೇ ಇಂತಹ ವ್ಯವಹಾರದಲ್ಲಿನ ಮುಖ್ಯ ತೊಡಕು. ಆದುದರಿಂದ ಉಭಯ ಪಕ್ಷದವರೂ ಎರಡೂ ಅರ್ಜಿಗಳನ್ನು ಏಕಕಾಲಕ್ಕೆ ಸಲ್ಲಿಸುವುದು ಸೂಕ್ತ.

ಅಧಿನಿಯಮದ 50ನೇ ಪ್ರಕರಣದನ್ವಯ ರಾಜ್ಯದೊಳಗಿನ ವರ್ಗಾವಣೆಯನ್ನು ಮಾರುವವರು 14 ದಿನಗಳೊಳಗೆ ನಮೂನೆ 29ರಲ್ಲಿ, ಕೊಳ್ಳುವವರು 30 ದಿನಗಳೊಳಗೆ ನಮೂನೆ 30ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಕಾರು ಹೊರರಾಜ್ಯಕ್ಕೆ ಹೋಗುವುದಾದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಅವಶ್ಯ. ಸಾಲ ತೀರಿದ್ದರೂ ನೋಂದಣಿ ಪತ್ರದಲ್ಲಿ ಸಾಲದಾತರ ಹೆಸರು ಉಳಿದಿದ್ದಲ್ಲಿ ನಮೂನೆ 35ರ ಮೂಲಕ ಮೊದಲು ಅದನ್ನು ರದ್ದುಪಡಿಸಿಕೊಳ್ಳಬೇಕು.

ಹಣ ಪಡೆದು ಕೀಲಿ ಒಪ್ಪಿಸಿದಾಕ್ಷಣ ಹೊಣೆ ತೀರಿತೆಂದು ಭಾವಿಸಬಾರದು. ಹಲವು ಕೈ ದಾಟಿದ್ದ ಕಾರೊಂದರ ಅಪಘಾತ ಪ್ರಕರಣದಲ್ಲಿ (ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್, 2018) ನೋಂದಣಿಯಲ್ಲಿ ಹೆಸರು ಉಳಿದಿದ್ದ ಮೊದಲಿನ ಮಾಲೀಕರೇ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಮುದ್ರಾಂಕ ಕಾಗದದ ಮೇಲಿನ ಕರಾರು ಈ ಹೊಣೆಯಿಂದ ಬಿಡಿಸುವುದಿಲ್ಲ.

ಆಮದು ಕಾರಿನ ವಿಷಯದಲ್ಲಿ ಕೊಳ್ಳುವವರು ನೋಂದಣಿ ಪತ್ರವೊಂದನ್ನೇ ನಂಬಿದರೆ ಸಾಲದು. ಸೀಮಾಸುಂಕ ಇಲಾಖೆಯ ಬಿಲ್ ಆಫ್ ಎಂಟ್ರಿ ಹಾಗೂ ಸುಂಕ ಪಾವತಿಯ ರಸೀದಿಯನ್ನು ಕೇಳಿ ಪಡೆದು, ಅದರಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಯೊಂದಿಗೆ ಅಕ್ಷರಶಃ ತಾಳೆ ನೋಡಬೇಕು. ರಾಯಭಾರ ಕಚೇರಿಯ ಅಧಿಕಾರಿಗಳು ಸುಂಕ ವಿನಾಯಿತಿಯಲ್ಲಿ ತರಿಸಿದ ಕಾರಾಗಿದ್ದಲ್ಲಿ ಸೀಮಾಸುಂಕ ಇಲಾಖೆಯ ಅನುಮತಿಯನ್ನೂ ಪರಿಶೀಲಿಸಬೇಕು. ಕಾರ್ನೆಟ್ ಪತ್ರದ ಮೇಲೆ ತಾತ್ಕಾಲಿಕವಾಗಿ ತಂದ ಕಾರು ಮರಳಿ ವಿದೇಶಕ್ಕೆ ಹೋಗಬೇಕಾದದ್ದು. ಅದರ ಮಾರಾಟ ಸಲ್ಲದು. ಭೂತಾನದ ಮೂಲಕ ಅಕ್ರಮವಾಗಿ ಬಂದು ನಕಲಿ ದಾಖಲೆಗಳ ಆಧಾರದಲ್ಲಿ ನೋಂದಣಿಯಾದವೆಂಬ ಆರೋಪದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಸೀಮಾಸುಂಕ ಅಧಿಕಾರಿಗಳು ಹಲವು ಕಾರುಗಳನ್ನು ವಶಪಡಿಸಿಕೊಂಡರು. ಅಂತಹ ಸಂದರ್ಭದಲ್ಲಿ ಕೊಂಡವರು ಹಣ ಕೊಟ್ಟೂ ಕಾರಿಲ್ಲದಂತಾಗುವ ಸಂಭವವಿದೆ.

ವಿಮೆಯ ವರ್ಗಾವಣೆಗಾಗಿ ಕೊಳ್ಳುವವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಮೂರನೇ ವ್ಯಕ್ತಿಯ ವಿಮೆ ಕಾರಿನೊಂದಿಗೆ ಬರುತ್ತದೆ. ಕಾರಿಗೇ ಆಗುವ ನಷ್ಟದ ರಕ್ಷಣೆ ತಾನಾಗಿ ಬರುವುದಿಲ್ಲ. ಕ್ಲೇಮು ಮಾಡದಿದ್ದುದಕ್ಕೆ ದೊರೆತ ರಿಯಾಯಿತಿಯು ಹಿಂದಿನ ಮಾಲೀಕರಿಗೆ ಸೇರಿದ್ದು, ಅದನ್ನು ಬೆಲೆಯಲ್ಲಿ ಲೆಕ್ಕ ಹಿಡಿಯತಕ್ಕದ್ದಲ್ಲ.