ಬೇವಿಗೆಷ್ಟು ಅಂಕ, ಕಡ್ಡಿಗೆಷ್ಟು?

ಶಿರಹಟ್ಟಿಯ ಅಜ್ಜಿಯ ಮನೆಯಲ್ಲಿ ಬಚ್ಚಲ ಗೂಡಿನೊಳಗೆ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಅದರ ತುಂಬ ಒಲೆಯ ಇದ್ದಲಿ ಕುಟ್ಟಿ ಸೋಸಿದ ಪುಡಿ, ಜತೆಗೆ ಹುರಿದ ಉಪ್ಪು. ಮೊಮ್ಮಕ್ಕಳು ನಾವು ಅದರಲ್ಲಿ ಬೆರಳದ್ದಿ, ಕರಿಬಾಯಿ ಮಾಡಿಕೊಂಡು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದೆವು. ವಸಡಿನಲ್ಲಿ ರಕ್ತ ಕಂಡರೆ ಅಜ್ಜಿಯದು ಒಂದೇ ಮಾತು: "ಪಟಕದ ನೀರ್ಲೆ ಬಾಯಿ ಮುಕ್ಕಳಸು, ಎರಡ ದಿನದಾಗ ಗಟ್ಟಿ ಆಗ್ತೈತಿ." ಆಗುತ್ತಲೂ ಇತ್ತು. ಆದರೆ ಅರವತ್ತು ತುಂಬುವಷ್ಟರಲ್ಲಿ ಅದೇ ಅಜ್ಜಿಯ ಬಾಯಲ್ಲಿ ಏಳೇ ಹಲ್ಲು ಉಳಿದಿದ್ದವು. ಮದ್ದು ಸುಳ್ಳಲ್ಲ, ಹಲ್ಲು ಹೋದದ್ದೂ ಸುಳ್ಳಲ್ಲ.

ಗದಗ ಸೀಮೆಯ ಹಲ್ಲಿನ ಮದ್ದೆಲ್ಲ ಶುರುವಾಗುವುದು ಹೊಲದ ಬದುವಿನಿಂದ. ಎರಿ ಹೊಲದ ಬದುವಿನಲ್ಲಿ ಬೇವು, ಕರಿಜಾಲಿ. ಡೋಣಿ, ಕಡಕೋಳದತ್ತ ಕಪ್ಪತಗುಡ್ಡದ ಅಂಚಿಗೆ ಹೋದರೆ ಉತ್ತರಾಣಿ, ಹುಲಗಲ. ಜಾಲಿಯ ತೊಗಟೆಯ ಒಗರು ವಸಡನ್ನು ಬಿಗಿಸುತ್ತದೆ. ಪಟಕ, ಪೇರಲ ಎಲೆ, ದಾಳಿಂಬರಿ ಸಿಪ್ಪೆ ಮಾಡುವುದೂ ಅದನ್ನೇ. ಲವಂಗದಲ್ಲಿರುವ ಯೂಜಿನಾಲ್ ನೋವನ್ನು ಮರಗಟ್ಟಿಸುತ್ತದೆ. ದಂತವೈದ್ಯರೇ ಅದನ್ನು ಸತುವಿನ ಆಕ್ಸೈಡಿನೊಂದಿಗೆ ಕಲಸಿ ತಾತ್ಕಾಲಿಕವಾಗಿ ಹಲ್ಲಿನ ತೂತಿಗೆ ತುಂಬುತ್ತಾರೆ. ಹಲ್ಲಿನ ಹುಳ ತೆಗೆಯುವವರ ಕತೆ ಮಾತ್ರ ಬೇರೆ. ಅವರು ಕೆಂಡದ ಮೇಲೆ ನೆಲಗುಳ್ಳದ ಬೀಜ ಹಾಕಿ ಬಾಯಿಗೆ ಹೊಗೆ ಕೊಡುತ್ತಿದ್ದರು. ಆಮೇಲೆ ನೀರಿನ ತಟ್ಟೆಯಲ್ಲಿ ತೇಲುವ ಬಿಳಿ ಎಳೆಗಳನ್ನು ತೋರಿಸಿ, ಇವೇ ಹುಳ ಎನ್ನುತ್ತಿದ್ದರು. ಅವು ಕಾವಿಗೆ ಒಡೆದ ಬೀಜದ ಮೊಳಕೆಗಳು.

ಇವೆಲ್ಲ ಬರಿಯ ಹಳ್ಳಿಯ ಊಹೆ ಎಂದುಕೊಂಡರೆ ತಪ್ಪು. ಸುಶ್ರುತ ವಸಡಿನ ರೋಗಗಳನ್ನೇ ಬೇರೆಯಾಗಿ ಪಟ್ಟಿ ಮಾಡಿದ್ದಾನೆ. ಅದರಲ್ಲಿ ಮೊದಲನೆಯದು ಶೀತಾದ: ಕಾರಣವಿಲ್ಲದೆ ರಕ್ತ, ದುರ್ವಾಸನೆ, ಕಪ್ಪಾಗಿ ಮೆತ್ತಗಾದ ವಸಡು. ಅದಕ್ಕೆ ಆತ ಹೇಳುವುದು ಕೆಟ್ಟ ರಕ್ತ ತೆಗೆದು, ಶುಂಠಿ, ಸಾಸಿವೆ, ತ್ರಿಫಲಾ, ಮುಸ್ತಾಗಳ ಕಷಾಯವನ್ನು ಬಾಯಲ್ಲಿ ಹಿಡಿಯುವುದು. ಹಲ್ಲುಕಡ್ಡಿಗೂ ಅವನಲ್ಲಿ ಲೆಕ್ಕವಿದೆ: 12 ಅಂಗುಲ ಉದ್ದ, ಕಿರುಬೆರಳ ದಪ್ಪ, ಕಹಿಯಲ್ಲಿ ಬೇವು ಶ್ರೇಷ್ಠ, ಒಂದೊಂದೇ ಹಲ್ಲನ್ನು ವಸಡಿಗೆ ಪೆಟ್ಟಾಗದಂತೆ ತಿಕ್ಕಬೇಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಮಾತು ಇನ್ನೊಂದಿದೆ. ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕಿಟ್ಟವನ್ನು ಆತ ದಂತಶರ್ಕರಾ ಎನ್ನುತ್ತಾನೆ. ಹಲ್ಲಿನ ಬುಡಕ್ಕೆ ನೋವಾಗದಂತೆ ವೈದ್ಯನು ಅದನ್ನು ಕೆರೆದು ತೆಗೆಯಬೇಕು ಎಂದು ವಿಧಿಸುತ್ತಾನೆ. ದಂತಶಂಕು ಎಂಬ ಸಲಕರಣೆಯೂ ಅವನ ಶಸ್ತ್ರಗಳ ಪಟ್ಟಿಯಲ್ಲಿದೆ. ಈಗಿನ ಸ್ಕೇಲಿಂಗ್ ಅಂದರೆ ಇದೇ ಕೆಲಸ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಹೀಗೆ ವೈದ್ಯ ನಮ್ಮ ಮಾತಿಗೆ ಬಂತು. ಆದರೆ ಹಲ್ಲಿನ ಮಟ್ಟಿಗೆ ಅಡುಗೆಮನೆಗೆ ಇಳಿದದ್ದು ಕಷಾಯ ಮಾತ್ರ, ಕೆರೆಯುವ ಕೈ ಇಳಿಯಲಿಲ್ಲ. ನಾವು ಮನೆಮದ್ದು ಎನ್ನುವುದು ಹಾಗೆ ಉಳಿದ ಅರ್ಧ.

ಇಪ್ಪತ್ತನೇ ಶತಮಾನದಲ್ಲಿ ಕಡ್ಡಿಯ ಜಾಗಕ್ಕೆ ಪುಡಿ ಬಂತು. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯಿಂದ ನಂಜನಗೂಡು ಹಲ್ಲುಪುಡಿ ಹೆಸರು ಮಾಡಿತು. 1937ರಲ್ಲಿ ಕೋಲ್ಗೇಟ್ ಭಾರತದಲ್ಲಿ ಕಂಪನಿ ತೆರೆಯಿತು. ಮಂಕಿ ಬ್ರ್ಯಾಂಡಿನ ಕರಿಪುಡಿ ಚಿಪ್ಪಿನ ಇದ್ದಲಿಯನ್ನು ಡಬ್ಬಿಗೆ ತುಂಬಿಕೊಂಡು ಬಂದಂತಿತ್ತು. ಬ್ರಷ್ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಬೆರಳೇ ಬ್ರಷ್ ಆಗಿತ್ತು. ಬೆರಳು ಹಲ್ಲಿನ ಎದುರನ್ನು ಹೊಳೆಯಿಸುತ್ತದೆ, ಸಂದಿಗೆ ಹೋಗುವುದಿಲ್ಲ. ರೋಗ ಕೂರುವುದು ಸಂದಿಯಲ್ಲೇ.

ಇದೇ ಸಾಲಿನಲ್ಲಿ ಸೇರಿಕೊಂಡದ್ದು ಮಿಶ್ರಿ, ಸುಟ್ಟ ತಂಬಾಕಿನ ಪುಡಿ. ಹಲ್ಲುನೋವಿಗೆಂದು ಹಿಡಿದ ಹೆಂಗಸರು ಬಿಡಲಾರದೆ ದಿನಕ್ಕೆ ನಾಲ್ಕು ಸಲ ತಿಕ್ಕತೊಡಗುತ್ತಾರೆ. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ತಂಬಾಕನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು, ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಮದ್ದೆಂದು ಬಾಯಿಗೆ ಬಂದು ರೋಗವಾದದ್ದರಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ತಂಬಾಕು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹಾಗಾಗಿ ರೋಗವಿದ್ದರೂ ವಸಡಿನಲ್ಲಿ ರಕ್ತ ಕಾಣುವುದಿಲ್ಲ. ತಿಕ್ಕುವವರು ವಾಸಿಯಾಯಿತು ಅಂದುಕೊಳ್ಳುತ್ತಾರೆ.

ವಸಡಿನ ರೋಗ ಹುಟ್ಟುವ ಬಗೆ ಸ್ಪಷ್ಟವಾದದ್ದು ದೂರದ ಡೆನ್ಮಾರ್ಕಿನಲ್ಲಿ. ಹರಾಲ್ಡ್ ಲೋ ಮತ್ತು ಸಂಗಡಿಗರು 12 ಮಂದಿಯ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದರು, 1965ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತ್ತು. ಮತ್ತೆ ಉಜ್ಜಲು ಹಚ್ಚಿದ ಮೇಲೆ, ಯಾವ ಔಷಧಿಯೂ ಇಲ್ಲದೆ, ಊತ ಇಳಿಯಿತು. ಹಲ್ಲಿನ ಮೇಲೆ ದಿನವೂ ಕಟ್ಟುವ ಸೂಕ್ಷ್ಮಾಣುಗಳ ಪಾಚಿಯೇ ಮೂಲ. ಅದನ್ನು ಉಜ್ಜಿ ತೆಗೆಯದಿದ್ದರೆ ಉಗುಳಿನ ಸುಣ್ಣ ಸೇರಿ ಕೆಲವೇ ದಿನಗಳಲ್ಲಿ ಕಿಟ್ಟವಾಗುತ್ತದೆ. ಹಾಗೆ ನೋಡಿದರೆ ಬೇವಿನ ಕಡ್ಡಿಯಲ್ಲಿ ಬೇವಿಗಿಂತ ಕಡ್ಡಿಗೇ ಹೆಚ್ಚು ಅಂಕ. ಅಗಿದು ಎಳೆ ಎಳೆ ಮಾಡಿ ಹತ್ತು ನಿಮಿಷ ತಿಕ್ಕುವವನ ವಸಡು, ದುಬಾರಿ ಪೇಸ್ಟನ್ನು ಅರ್ಧ ನಿಮಿಷ ತಿಕ್ಕುವವನದಕ್ಕಿಂತ ಗಟ್ಟಿಯಾಗಿದ್ದರೆ ಆಶ್ಚರ್ಯವಿಲ್ಲ. ಉಪ್ಪಿನ ಬಿಸಿನೀರು ಊತಕ್ಕೆ ಹಿತ, ಎಳ್ಳೆಣ್ಣೆ ಮುಕ್ಕಳಿಸುವುದರಿಂದ ಕೇಡಿಲ್ಲ. ಇದ್ದಲಿ, ಇಟ್ಟಿಗೆ ಪುಡಿ ಹಲ್ಲಿನ ಹೊಳಪಿನ ಪದರವನ್ನೇ ಸವೆಸುತ್ತವೆ. ಲಿಂಬೆಹಣ್ಣು ಅದನ್ನು ಕರಗಿಸುತ್ತದೆ. ಕಿಟ್ಟ ಗಟ್ಟಿಯಾದ ಮೇಲೆ ಇವು ಯಾವುವೂ ಸಾಲವು. ಅಜ್ಜಿಯ ಪಟಕ ರಕ್ತ ನಿಲ್ಲಿಸುತ್ತಿತ್ತು, ವಸಡಿನೊಳಗಿನ ಕಿಟ್ಟ ಅಲ್ಲೇ ಕೂತು ಎಲುಬನ್ನು ಕರಗಿಸುತ್ತಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಇದು ಇನ್ನೂ ಬೇಗ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದ್ದು; ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು ಶುರುವಾದದ್ದು 1986ರಲ್ಲಿ. ಈಗ ಗದಗ-ಬೆಟಗೇರಿಯಲ್ಲಿ ದಂತವೈದ್ಯರಿಗೆ ಬರವಿಲ್ಲ. ಆದರೂ "ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವ್ರಿ" ಎಂಬ ಮಾತು ಲಕ್ಷ್ಮೇಶ್ವರದ ಸಂತೆಯಲ್ಲೂ ಕೇಳುತ್ತದೆ. ಮಾತಿನಲ್ಲಿ ಒಂದೆಳೆ ನಿಜವಿದೆ. ಎಲುಬು ಆಗಲೇ ಕರಗಿರುತ್ತದೆ, ಕಿಟ್ಟ ಹಲ್ಲುಗಳಿಗೆ ಊರುಗೋಲಿನಂತೆ ನಿಂತಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಬಯಲಾಗುತ್ತದೆ, ಅಷ್ಟೆ.

ಮುಂಡರಗಿಯದು ಬೇರೆಯೇ ಪಾಡು. ಅಲ್ಲಿನ ಹಳ್ಳಿಗಳಲ್ಲಿ ಹಲ್ಲಿನ ಮೇಲಿನ ಕಂದು ಪಟ್ಟೆಯನ್ನು ಕೊಳೆ ಎಂದು ಭಾವಿಸಿ ಹುಡುಗರು ಬೂದಿ ಹಾಕಿ ತಿಕ್ಕುತ್ತಾರೆ. ಅದು ಕೊಳೆಯಲ್ಲ, ಕೊಳವೆಬಾವಿಯ ನೀರಿನ ಫ್ಲೋರೈಡ್. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವುದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ ಹೆಚ್ಚೆಂದರೆ 1.5. ಅದನ್ನು ಮೀರಿದ ನೀರು ಕುಡಿಯುವ ಮಗುವಿನ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಕಲೆ ಹಿಡಿಯುತ್ತದೆ. ಹಲ್ಲು ಮೂಡಿದ ಮೇಲೆ ಏನು ತಿಕ್ಕಿದರೂ ಅದು ಹೋಗದು. ಹಮ್ಮಿಗಿಯ ಬ್ಯಾರೇಜಿನಲ್ಲಿ ನಿಂತ ತುಂಗಭದ್ರೆಯ ನೀರು ನಲ್ಲಿಗೆ ಬಂದ ಮನೆಯಲ್ಲೂ ಅಪ್ಪನ ಹಲ್ಲಿನ ಪಟ್ಟೆ ಹಾಗೇ ಇರುತ್ತದೆ. ಹುಟ್ಟಿದಾಗಿನಿಂದ ಎಂಟು ವರ್ಷದವರೆಗೆ ಹೊಳೆಯ ನೀರನ್ನೇ ಕುಡಿದು ಬೆಳೆದ ಮಗಳಿಗೆ ಬರುವ ಹಲ್ಲುಗಳಲ್ಲಿ ಆ ಪಟ್ಟೆ ಇರುವುದಿಲ್ಲ.