ಕೆತ್ತಿಸಿದವರು, ಕೆತ್ತಿದವರು

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕ್ಯಾಮರಾ ಹಿಡಿದು ಹೋಗುವವರು ಕಂಬಗಳ ಕಡೆಗೇ ಕತ್ತೆತ್ತಿ ನೋಡುತ್ತಾರೆ. ಸ್ವಲ್ಪ ಬಗ್ಗಿ ಭೈರಾದೇವಿ ಮಂಟಪದ ತಳಗಲ್ಲನ್ನೂ ನೋಡಬೇಕು. ಅಲ್ಲೊಂದು ಜಿರಾಫೆ ಇದೆ, ಚೀನೀ ಡ್ರ್ಯಾಗನ್ ಇದೆ. ಬಸದಿ ಕಟ್ಟಿದ್ದು 1430ರಲ್ಲಿ, ಮಂಟಪ ಆಮೇಲಿನದು. ತುಳುನಾಡಿಗೆ ಜಿರಾಫೆ ಎಲ್ಲಿಂದ ಬಂತು? ಅರಬರು, ಚೀನೀಯರು ಮೆಣಸಿಗಾಗಿ ಬರುತ್ತಿದ್ದ ಕರಾವಳಿ ಇದು. ಹಡಗಿನ ಜೊತೆ ಸುದ್ದಿಯೂ ಇಳಿದಿರಬೇಕು. ಅದನ್ನು ಕೇಳಿಯೋ ಕಂಡೋ ಕಲ್ಲಿಗಿಳಿಸಿದ ಕೈ ಯಾರದು?

ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಬನ್ನಿ. 35 ಅಡಿಯ ಗೊಮ್ಮಟ, 1604ರದ್ದು. ತಿಮ್ಮಣ್ಣ ಅಜಿಲ ಕೆತ್ತಿಸಿದ ಅಂತ ಶಾಲೆ ಮಕ್ಕಳೂ ಹೇಳುತ್ತಾರೆ. ಕೆತ್ತಿದವನು ಯಾರು ಅಂತ ಕೇಳಿ, ಬಾಯಿ ಕಟ್ಟುತ್ತದೆ. ‘ಕೆತ್ತಿದ’, ‘ಕೆತ್ತಿಸಿದ’ — ವ್ಯತ್ಯಾಸ ಒಂದೇ ಅಕ್ಷರ, ‘ಸಿ’. ಬಂಡೆ ಸೀಳಿದವರು, ಹಗ್ಗ ಎಳೆದವರು, ಉಳಿ ಹದ ಮಾಡಿದ ಕಮ್ಮಾರ, ಗಂಜಿ ಕಾಯಿಸಿದ ಹೆಂಗಸು ಎಲ್ಲರೂ ಆ ಒಂದಕ್ಷರದ ಹಿಂದೆ ಮರೆಯಾದರು.

ಹಾಗೇ ಆಗಬೇಕೆಂದೇನಿಲ್ಲ. 1982ರಲ್ಲಿ ಪ್ರತಿಷ್ಠೆಯಾದ ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದವರು ರೆಂಜಾಳ ಗೋಪಾಲಕೃಷ್ಣ ಶೆಣೈ ಅಂತ ಊರಿಗೇ ಗೊತ್ತು. ಒಬ್ಬ ಶಿಲ್ಪಿಯ ಹೆಸರು ಉಳಿಯಿತು. ಅವರ ಜೊತೆ ಸುತ್ತಿಗೆ ಹಿಡಿದವರದ್ದು?

ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಉಳಿಯ ಗಾಯವನ್ನೂ ತೆಗೆಯಿರಿ. ಬಂಟ್ವಾಳದಿಂದ ಕಾರ್ಕಳದವರೆಗೆ ಇವತ್ತೂ ಕಲ್ಲು ಕಡಿಯುವ, ಕೆತ್ತುವ ಕೈಗಳಿವೆ. ಸತ್ತವರ ಹೆಸರು ಸಿಗಲಿಕ್ಕಿಲ್ಲ. ಇರುವವರದ್ದನ್ನಾದರೂ ಕೇಳಿ ಬರೆದಿಡಿ.