ನಾಣ್ಯಕ್ಕಿಂತ ಮೊದಲು ಲೆಕ್ಕ: ಕಂಠೀರಾಯಿ ವರಹದಿಂದ ಯೂರೋವರೆಗೆ

ಬೆಳ್ಳಿಹಬ್ಬದ ಈ ಸಂಚಿಕೆಯನ್ನು ಕೈಗೆತ್ತಿಕೊಂಡಿರುವ ಸಹಕಾರಿ ಬಂಧುಗಳಿಗೆ ಒಂದು ಪ್ರಶ್ನೆ. ಹಿಂದೆ ಮೈಸೂರು ಸೀಮೆಯ ಕಂದಾಯವನ್ನು ಯಾವ ವರಹದಲ್ಲಿ ಬರೆಯುತ್ತಿದ್ದರೋ ಆ ವರಹ ಪೇಟೆಯಲ್ಲಿ ಓಡಾಡುತ್ತಲೇ ಇರಲಿಲ್ಲ ಎಂದರೆ ನಂಬುತ್ತೀರಾ? ಕಡತದಲ್ಲಿ ಇತ್ತು, ಗಲ್ಲಾಪೆಟ್ಟಿಗೆಯಲ್ಲಿ ಇರಲಿಲ್ಲ. ಅದರ ಹೆಸರು ಕಂಠೀರಾಯಿ ವರಹ.

ನಮ್ಮ ದೀಪಾಂಜಲಿ ನಗರದ ಪಕ್ಕದಲ್ಲೇ ಹಾದುಹೋಗುವ ಮೈಸೂರು ರಸ್ತೆ ಹಿಡಿದು ಹೋದರೆ ಶ್ರೀರಂಗಪಟ್ಟಣ ಸಿಗುತ್ತದಷ್ಟೆ. ಅಲ್ಲಿ ಕಂಠೀರವ ನರಸರಾಜ ಒಡೆಯರು (1638–59) ಟಂಕಸಾಲೆ ಇಟ್ಟು ಪುಟ್ಟ ಚಿನ್ನದ ಹಣ ಹೊಡೆಸಿದರು. ಒಂದು ಕಡೆ ನರಸಿಂಹನ ಮೂರ್ತಿ; ಬೆರಳ ಸಂದಿಯಲ್ಲಿ ಜಾರಿದರೆ ಹುಡುಕುವುದು ಕಷ್ಟ, ಅಷ್ಟು ಸಣ್ಣದು. (ನಾವು ಈಗ ದುಡ್ಡಿಗೆಲ್ಲ ‘ಹಣ’ ಅನ್ನುತ್ತೇವಲ್ಲ, ಅದು ಮೊದಲು ಒಂದು ನಾಣ್ಯದ ಹೆಸರು. ‘ದುಡ್ಡು’ ಕೂಡ ಹಾಗೇ.) ಇಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ ಎಂದು ಲೆಕ್ಕ. ಆ ವರಹ ಲೆಕ್ಕಕ್ಕೆಂದೇ ಇದ್ದ ಹೆಸರು.

ಇಂಥದೊಂದು ಹೆಸರು ಯಾಕೆ ಬೇಕಾಯಿತು? ಪೇಟೆಯಲ್ಲಿ ಇಕ್ಕೇರಿ ವರಹ, ಹೈದರಾಲಿಯ ಬಹದ್ದೂರಿ ವರಹ, ಟಿಪ್ಪುವಿನ ಸುಲ್ತಾನಿ, ಮದರಾಸಿನ ಸ್ಟಾರ್ ಪಗೋಡ, ಬಗೆಬಗೆಯ ರೂಪಾಯಿ ಎಲ್ಲಾ ಒಟ್ಟಿಗೇ ಓಡಾಡುತ್ತಿದ್ದವು. ಒಂದರ ತೂಕ ಇನ್ನೊಂದಕ್ಕಿಲ್ಲ, ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಕಡತ ಬರೆಯುವವರಿಗೆ ಎಲ್ಲವನ್ನೂ ಅಳೆಯಲು ಒಂದೇ ಕೋಲು ಬೇಕಿತ್ತು. 1800ರಲ್ಲಿ ಈ ಸೀಮೆಯಲ್ಲೆಲ್ಲ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಇದನ್ನು ನೋಡಿ ಬರೆದಿಟ್ಟಿದ್ದಾನೆ.

ಇನ್ನೂ ಸ್ವಾರಸ್ಯದ ಸಂಗತಿ 1799ರದು. ಟಿಪ್ಪು ಮಡಿದ ಮೇಲೆ ಅವನ ರಾಜ್ಯವನ್ನು ಪಾಲು ಮಾಡಿದರಲ್ಲ, ಆ ಒಪ್ಪಂದದ ಪಟ್ಟಿಯಲ್ಲಿ ಪ್ರತಿ ತಾಲ್ಲೂಕಿನ ಹುಟ್ಟುವಳಿಯನ್ನೂ ಕಟ್ಟಿದ್ದು ಕಂಠೀರಾಯಿ ವರಹದಲ್ಲಿ. ಮೈಸೂರು ಅರಸರ ಪಾಲಿಗೆ ಸುಮಾರು 13 ಲಕ್ಷ 74 ಸಾವಿರ ವರಹ ಉತ್ಪತ್ತಿಯ ಸೀಮೆ ಬಂತು. ಆದರೆ ಅರಸರು ಕಂಪನಿಗೆ ವರ್ಷಾವರ್ಷ ಕೊಡಬೇಕಾದ ಪೊಗದಿಯನ್ನು ಗೊತ್ತುಮಾಡಿದ್ದು 7 ಲಕ್ಷ ಸ್ಟಾರ್ ಪಗೋಡ ಎಂದು! ಬರುವುದು ಒಂದು ಲೆಕ್ಕದಲ್ಲಿ, ಕೊಡುವುದು ಇನ್ನೊಂದು ಲೆಕ್ಕದಲ್ಲಿ. ಸ್ಟಾರ್ ಪಗೋಡ ಕಂಠೀರಾಯಿಗಿಂತ ಹೆಚ್ಚಿನ ಬೆಲೆಯದು ಎಂಬುದನ್ನು ಓದುಗರು ಮರೆಯಬಾರದು. ದೇಶ ಹಂಚುವವರಿಗೆ ಅಳತೆಕೋಲು ಯಾವುದೆಂದು ಚೆನ್ನಾಗಿಯೇ ಗೊತ್ತಿತ್ತು.

ರೈತನ ಪಾಡು ಬೇರೆ. ಸಂತೆಯಲ್ಲಿ ರಾಗಿ ಮಾರಿ ಕೈಗೆ ಬಂದ ನಾಣ್ಯವನ್ನು ಚಿನಿವಾರನ ಮುಂದೆ ಇಡಬೇಕು. ಅವನು ತಿರುಗಿಸಿ ನೋಡಿ, ತೂಗಿ, ಸವೆದಿದೆ ಎಂದು ವಟ್ಟ ಮುರಿದುಕೊಳ್ಳಬೇಕು. ಲೆಕ್ಕ ಎಲ್ಲರಿಗೂ ಒಂದೇ ಆಗಿದ್ದರೂ ನಾಣ್ಯ ಒಂದೇ ಆಗಿರಲಿಲ್ಲ. ಆ ನಡುವಿನ ಸಂದಿನಲ್ಲಿ ಬದುಕುತ್ತಿದ್ದವನು ಚಿನಿವಾರ, ಸವೆಯುತ್ತಿದ್ದವನು ರೈತ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಹಣ ಮತ್ತೆ ಅಚ್ಚಾಗಿ ‘ಗಿಡ್ಡ ಕಂಠೀರಾಯಿ’ ಅನ್ನಿಸಿಕೊಂಡಿತು. ಆಮೇಲೆ ಗಾಳಿ ರೂಪಾಯಿಯ ಕಡೆ ಬೀಸಿತು. 1818ರಲ್ಲಿ ಮದರಾಸಿನವರು ಒಂದು ಪಗೋಡಕ್ಕೆ ಮೂರೂವರೆ ರೂಪಾಯಿ ಎಂದು ಕಟ್ಟಿ ಪಗೋಡಕ್ಕೆ ತಿಲಾಂಜಲಿ ಇಟ್ಟರು. 1835ರ ಕಾನೂನಿನಿಂದ ಕಂಪನಿ ಸೀಮೆಗೆಲ್ಲ ಒಂದೇ ತೂಕದ ಬೆಳ್ಳಿ ರೂಪಾಯಿ ಬಂತು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿಹೋಯಿತು. ಕಬ್ಬನ್ ಸಾಹೇಬರ ಆಡಳಿತದಲ್ಲಿ ಕಡತದ ಲೆಕ್ಕವೂ ರೂಪಾಯಿಗೆ ಹೊರಳಿತು.

ಇದೇ ಕಥೆಯನ್ನು ನಮ್ಮ ಕಾಲದಲ್ಲಿ ಯೂರೋಪಿನವರು ಬೇರೆ ರೀತಿಯಲ್ಲಿ ಆಡಿ ತೋರಿಸಿದರು. 1979ರ ಮಾರ್ಚ್ 13ರಂದು ಒಂಬತ್ತು ದೇಶಗಳು ‘ಎಕ್ಯು’ ಎಂಬ ಲೆಕ್ಕದ ಹಣವನ್ನು ಹುಟ್ಟುಹಾಕಿದವು. ಕಂಠೀರಾಯಿ ವರಹವೆಂದರೆ ಒಂದೇ ಜಾತಿಯ ಹತ್ತು ಹಣ. ಎಕ್ಯು ಹಾಗಲ್ಲ, ಅದೊಂದು ಬುಟ್ಟಿ. ಜರ್ಮನಿಯ ಮಾರ್ಕ್ 0.828, ಫ್ರಾನ್ಸಿನ ಫ್ರಾಂಕ್ 1.15, ಇಟಲಿಯ ಲಿರಾ 109, ಹೀಗೆ ಒಂಬತ್ತು ಹಣಗಳನ್ನು ಅಳೆದು ಹಾಕಿದ ಬುಟ್ಟಿ. ಸಿಟಿ ಮಾರ್ಕೆಟ್ಟಿನಿಂದ ಚೀಲ ತುಂಬಿ ತಂದ ತರಕಾರಿಯ ಹಾಗೆ: ಬದನೆ ದುಬಾರಿಯಾದ ದಿನ ಸೊಪ್ಪು ಅಗ್ಗವಾಗಿದ್ದರೆ ಚೀಲದ ಒಟ್ಟು ಬೆಲೆ ಅಷ್ಟೇನೂ ಜಿಗಿಯದು. ಯಾವುದೋ ಒಂದು ದೇಶದ ಹಣವನ್ನೇ ಕೋಲು ಮಾಡಿದರೆ ಉಳಿದವರು ಅದರ ಬಾಲ ಹಿಡಿಯಬೇಕು; ಬುಟ್ಟಿಯಲ್ಲಿ ಎಲ್ಲರದೂ ಪಾಲು.

ಈ ಎಕ್ಯುವಿಗೆ ಜೇಬಿನಲ್ಲಿ ಇಟ್ಟುಕೊಳ್ಳುವ ನೋಟು ಇರಲಿಲ್ಲ. ಇಪ್ಪತ್ತು ವರ್ಷ ಬರೀ ಕಾಗದದ ಮೇಲೆ ಬದುಕಿ, ಸಾಲಪತ್ರಗಳಲ್ಲಿ ಬರೆಸಿಕೊಂಡು, 1999ರ ಜನವರಿ 1ಕ್ಕೆ ಒಂದಕ್ಕೊಂದರಂತೆ ಯೂರೋ ಆಯಿತು. ನೋಟು, ಬಿಲ್ಲೆ ಜನರ ಕೈಗೆ ಬಂದದ್ದು 2002ರ ಜನವರಿಯಲ್ಲಿ. ಬುಟ್ಟಿಯಲ್ಲಿ ಪಾಲಿದ್ದ ಬ್ರಿಟನ್ನಿನ ಪೌಂಡು ಯೂರೋದೊಳಗೆ ಬರಲೇ ಇಲ್ಲ. ಲೆಕ್ಕ ಒಪ್ಪಿದವರೆಲ್ಲ ನಾಣ್ಯ ಒಪ್ಪುತ್ತಾರೆ ಎಂದೇನಿಲ್ಲ.

ಇಲ್ಲಿ ಅವರು ತೋರಿದ ಒಂದು ಎಚ್ಚರಿಕೆ, ಲೆಡ್ಜರು ಬರೆಯುವ ನಮಗೆ ಬಹಳ ಮೆಚ್ಚಿಗೆಯಾಯಿತು. ಒಂದು ಯೂರೋಗೆ 1.95583 ಮಾರ್ಕ್, 6.55957 ಫ್ರಾಂಕ್, 1936.27 ಲಿರಾ ಎಂದು ಆರಾರು ಅಂಕಿಯ ದರ ಕಟ್ಟಿ, ಲೆಕ್ಕ ಮಾಡುವಾಗ ಈ ದರವನ್ನು ಯಾರೂ ಮೊಟಕು ಮಾಡಕೂಡದು ಎಂದು ಕಾನೂನನ್ನೇ ಮಾಡಿದರು. ಚಿನಿವಾರ ಕೂರುವುದಕ್ಕೆ ಜಾಗವನ್ನೇ ಬಿಡಲಿಲ್ಲ.

ನಮ್ಮಲ್ಲಿ 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂದಾಗ ಇಷ್ಟು ನಾಜೂಕು ಆಗಲಿಲ್ಲ. ಹದಿನಾರಾಣೆಗೆ ನೂರು ಪೈಸೆ ಅಂದರೆ ಒಂದಾಣೆಗೆ ಆರೂಕಾಲು ಪೈಸೆ ಬರಬೇಕು. ಕಾಲು ಪೈಸೆಯ ಬಿಲ್ಲೆ ಎಲ್ಲಿಂದ ತರುವುದು? ಕೋಷ್ಟಕದಲ್ಲಿ ಒಂದಾಣೆಗೆ ಆರು, ನಾಲ್ಕಾಣೆಗೆ ಇಪ್ಪತ್ತೈದು ಎಂದಾಯಿತು. ಒಂದೊಂದಾಣೆಯಂತೆ ನಾಲ್ಕು ಸಲ ಬದಲಾಯಿಸಿದವನಿಗೆ 24 ಪೈಸೆ, ಒಟ್ಟಿಗೆ ಬದಲಾಯಿಸಿದವನಿಗೆ 25. ಚಿಲ್ಲರೆಯಲ್ಲಿ ಬದುಕುವವರು ಯಾರು ಎಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ.

ಆ 25 ಪೈಸೆ ಬಿಲ್ಲೆಯೂ 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ. ‘ನಾಲ್ಕಾಣೆ’ ಎಂಬ ಮಾತು ಮಾತ್ರ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಓಡಾಡುತ್ತಿದೆ.